ಅಪೆಂಡಿಸೈಟಿಸ್: ಶಸ್ತ್ರಚಿಕಿತ್ಸೆಯೋ, ಆ್ಯಂಟಿಬಯಾಟಿಕ್ಕೋ?

ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಪುಟ್ಟ ನಾಳದ ಉರಿಯೂತ, ಆಗಿರುವ ತಮ್ಮನಿಗೆ ಶಸ್ತ್ರಚಿಕಿತ್ಸೆ, ಆ್ಯಂಟಿಬಯಾಟಿಕ್ ಇವೆರಡರಲ್ಲಿ ಯಾವುದು ಸೂಕ್ತವೆಂದು ಮುಧೋಳದಿಂದ ಕೇಳಿದ್ದೀರಿ. ಅಪೆಂಡಿಕ್ಸ್ ಒಡೆದಿಲ್ಲವೆಂದು ಸ್ಕ್ಯಾನ್‌ನಲ್ಲಿ ಖಚಿತವಾಗಿದ್ದರೆ ಮಾತ್ರ ಈ ಆಯ್ಕೆ ಉಳಿಯುತ್ತದೆ.

ಮರುಕಳಿಸುವ ಸಾಧ್ಯತೆಯೇ ಮುಖ್ಯ. ಫಿನ್‌ಲೆಂಡಿನ ಅಧ್ಯಯನವೊಂದರಲ್ಲಿ ಆ್ಯಂಟಿಬಯಾಟಿಕ್ ಪಡೆದವರ ಪೈಕಿ ಶೇ 27ರಷ್ಟು ಮಂದಿಗೆ ವರ್ಷದೊಳಗೆ, ಸುಮಾರು ಶೇ 39ರಷ್ಟು ಮಂದಿಗೆ ಐದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕಾಯಿತು; 2020ರಲ್ಲಿ ಪ್ರಕಟವಾದ, 1,552 ವಯಸ್ಕರನ್ನು ಒಳಗೊಂಡ ಅಮೆರಿಕದ ಅಧ್ಯಯನದಲ್ಲಿ ತೊಂಬತ್ತು ದಿನಗಳಲ್ಲೇ ಆ ಪ್ರಮಾಣ ಶೇ 29, ಅಪೆಂಡಿಕ್ಸಿನೊಳಗೆ ಹರಳಿದ್ದವರಲ್ಲಿ ಶೇ 41. ಆದ್ದರಿಂದ ಹರಳು ಕಂಡಿದ್ದರೆ ನಾನು ಶಸ್ತ್ರಚಿಕಿತ್ಸೆಯತ್ತಲೇ ವಾಲುತ್ತೇನೆ.

ಕೆಲಸಕ್ಕೆ ಬೇಗ ಮರಳಲು ಆ್ಯಂಟಿಬಯಾಟಿಕ್ ಅನುಕೂಲ. ಆರಂಭದ ಖರ್ಚೂ ಕಡಿಮೆಯಿರಬಹುದು, ಆದರೆ ನೋವು ಮರಳಿದರೆ ಎರಡೂ ಖರ್ಚು ತಲೆಯ ಮೇಲೆ ಬೀಳುತ್ತವೆ. ಓದಿನ ಪರೀಕ್ಷೆ ಹತ್ತಿರವಿದ್ದು, ಬಾಗಲಕೋಟೆಯ ಆಸ್ಪತ್ರೆಗೆ ರಾತ್ರಿಯೂ ತಲುಪಬಲ್ಲವರಾದರೆ ಔಷಧವನ್ನು ಪರಿಗಣಿಸಬಹುದು. ಕಬ್ಬು ಕಟಾವಿಗೆ ತಿಂಗಳುಗಟ್ಟಲೆ ದೂರ ಹೋಗುವವನಿಗೆ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಹೋಗುವುದೇ ಲೇಸು.