ರಿಂಗ್ ಮೇಲಿನ ಮುಚ್ಚಳ ಮತ್ತು ಫೋಮ್ ಪ್ಯಾಡ್: ರಿಬೌಂಡ್ ಅಭ್ಯಾಸದ ಎರಡು ಸಲಕರಣೆಗಳ ವಿಮರ್ಶೆ

ತಂಡದಲ್ಲಿ ಎತ್ತರದ ಆಟಗಾರರಿದ್ದೂ ಬೋರ್ಡಿನ ಕೆಳಗಿನ ಚೆಂಡು ಮತ್ತೆ ಮತ್ತೆ ಎದುರಾಳಿಗಳ ಕೈಗೇ ಸೇರುತ್ತಿದ್ದರೆ, ಸಾಮಾನ್ಯವಾಗಿ ಜಿಗಿತವನ್ನು ದೂರುತ್ತೇವೆ. ಬ್ಯಾಸ್ಕೆಟ್‌ಬಾಲ್ ತರಬೇತಿಯಲ್ಲಿ ನಾನು ಕಂಡಂತೆ, ಕೊರತೆ ಬಹುಪಾಲು ಅದಕ್ಕಿಂತ ಮೊದಲೇ, ಶಾಟ್ ಕೈಬಿಟ್ಟ ಕ್ಷಣದಲ್ಲೇ ಶುರುವಾಗಿರುತ್ತದೆ. ಎಲ್ಲರೂ ತಲೆ ಎತ್ತಿ ಚೆಂಡು ಒಳಗೆ ಬೀಳುತ್ತದೆಯೇ ಎಂದು ನೋಡುತ್ತ ನಿಂತುಬಿಡುತ್ತಾರೆ. ಈ ಅಭ್ಯಾಸವನ್ನು ಬಿಡಿಸಲೆಂದೇ ಮಾರುಕಟ್ಟೆಗೆ ಬಂದಿರುವ ಸಲಕರಣೆ ರಿಂಗ್ ಮೇಲೆ ಕೂರಿಸುವ ಗುಮ್ಮಟದಾಕಾರದ ಪ್ಲಾಸ್ಟಿಕ್ ಮುಚ್ಚಳ. ಅದರ ಜೊತೆಗೆ, ಒಳಭಾಗದ ಸ್ಕೋರಿಂಗ್ ಸುಧಾರಿಸಲು ತರಬೇತುದಾರರು ಕೈಯಲ್ಲಿ ಹಿಡಿಯುವ ಫೋಮ್ ಪ್ಯಾಡನ್ನೂ ಬಳಸಿ ನೋಡಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಇವೆರಡನ್ನೂ ಹಲವು ಕಂಪನಿಗಳು ಹೆಚ್ಚುಕಡಿಮೆ ಒಂದೇ ಮಾದರಿಯಲ್ಲಿ ತಯಾರಿಸುತ್ತವೆ.

ಮುಚ್ಚಳದ ದೊಡ್ಡ ಗುಣವೆಂದರೆ ಅದು ಯಾವ ಶಾಟನ್ನೂ ಒಳಗೆ ಬಿಡುವುದಿಲ್ಲ. ಮಾಮೂಲಿ ಅಭ್ಯಾಸದಲ್ಲಿ ರಿಬೌಂಡ್, ಅಂದರೆ ತಪ್ಪಿದ ಶಾಟ್‌ನಿಂದ ಪುಟಿದು ಬರುವ ಚೆಂಡು, ಬೇಕೆಂದರೆ ಯಾರಾದರೂ ಶಾಟ್ ತಪ್ಪಿಸಬೇಕು. ಬೇಕೆಂದೇ ತಪ್ಪಿಸಿದ ಶಾಟ್ ಹೇಗೆ ಬರುತ್ತದೆಂದು ಆಟಗಾರರು ಬೇಗ ಊಹಿಸುತ್ತಾರೆ, ಒಳ್ಳೆಯ ಶೂಟರ್ ನಿಂತರೆ ರಿಬೌಂಡೇ ಸಿಗುವುದಿಲ್ಲ. ಮುಚ್ಚಳ ಹಾಕಿದ ಮೇಲೆ ಪ್ರತಿ ಶಾಟ್ ಕೂಡ ರಿಬೌಂಡ್ ಆಗುವುದರಿಂದ, ಚೆಂಡನ್ನು ನೋಡುತ್ತ ನಿಲ್ಲುವುದಕ್ಕೆ ಅರ್ಥವೇ ಇರುವುದಿಲ್ಲ. ಬದಲಾವಣೆ ಕಣ್ಣಿಗೆ ಕಾಣುವಂತೆ ಆಗುತ್ತದೆ: ಶಾಟ್ ಹೊರಟೊಡನೆ ಆಟಗಾರ್ತಿ ಮೊದಲು ತನ್ನ ಎದುರಾಳಿಯ ಕಡೆ ತಿರುಗಿ, ಮುಂಗೈಯಿಂದ ಆಕೆಯ ಎದೆಯನ್ನು ಮುಟ್ಟಿ, ಒಂದು ಕಾಲನ್ನು ಊರಿಕೊಂಡೇ ಹಿಂದಕ್ಕೆ ತಿರುಗಿ (ಪಿವಟ್ ಮಾಡಿ), ಸೊಂಟ ತಗ್ಗಿಸಿ ಆಕೆಯನ್ನು ಬೆನ್ನಿನ ಹಿಂದಿಟ್ಟುಕೊಂಡು, ಆಮೇಲೆ ಮಾತ್ರ ಕಣ್ಣೆತ್ತಿ ಚೆಂಡನ್ನು ಹುಡುಕುತ್ತಾಳೆ. ಹೀಗೆ ಎದುರಾಳಿಯನ್ನು ಬೆನ್ನಿನಿಂದ ತಡೆದಿಡುವುದೇ ಬಾಕ್ಸ್‌ಔಟ್. ಬಾಕ್ಸ್‌ಔಟ್ ಎಂದು ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳುವ ತರಬೇತುದಾರರಿಗೆ ಇದೊಂದಕ್ಕಾಗಿಯೇ ಈ ಮುಚ್ಚಳ ಕೊಳ್ಳಬಹುದಾದ ವಸ್ತು.

ಆದರೆ ಅದರ ದೋಷವೂ ಅದೇ ಗುಣದೊಳಗಿದೆ. ರಿಂಗಿನ ಒಳವ್ಯಾಸ ಸುಮಾರು 45 ಸೆಂಟಿಮೀಟರ್, ಪುರುಷರ ಚೆಂಡಿನ ವ್ಯಾಸ ಸುಮಾರು 24 ಸೆಂಟಿಮೀಟರ್; ತಪ್ಪಿದ ನಿಜವಾದ ಶಾಟ್ ಆ ಲೋಹದ ಅಂಚಿಗೆ ಬಡಿದು ಪುಟಿಯುವುದರಲ್ಲಿ ಒಂದು ಜಾಡು ಇರುತ್ತದೆ. ಮೂಲೆಯಿಂದ ಹೊಡೆದ ಶಾಟ್ ತಪ್ಪಿದರೆ ಚೆಂಡು ಹೆಚ್ಚಾಗಿ ಎದುರು ಬದಿಗೆ ಹೋಗುತ್ತದೆ, ದೂರದಿಂದ ಹೊಡೆದದ್ದು ದೂರಕ್ಕೇ ಪುಟಿಯುತ್ತದೆ. ಉಬ್ಬಿದ ಮುಚ್ಚಳದ ಮೇಲೆ ಬಿದ್ದ ಚೆಂಡಿಗೆ ಈ ಜಾಡು ಇರುವುದಿಲ್ಲ, ಅದು ಮನಬಂದ ದಿಕ್ಕಿಗೆ ಹಾರುತ್ತದೆ. ಡೆನ್ನಿಸ್ ರಾಡ್‌ಮನ್ 1991-92ರಿಂದ 1997-98ರವರೆಗೆ ಸತತ ಏಳು ಋತುಗಳಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ರಿಬೌಂಡ್ ಪಟ್ಟಿಯ ಮೊದಲ ಸ್ಥಾನದಲ್ಲಿದ್ದರು. ರಿಂಗ್ ಬಳಿ ಆಡುವ ಏಳು ಅಡಿಯ ಸೆಂಟರ್‌ಗಳ ನಡುವೆ 2.01 ಮೀಟರ್ ಎತ್ತರದ ಅವರಿಗೆ ಇದು ಸಾಧ್ಯವಾದದ್ದರ ಹಿಂದೆ, ಯಾರ ಶಾಟ್ ಎಲ್ಲಿಂದ ಹೇಗೆ ತಿರುಗುತ್ತ ಬಂದು ಯಾವ ಕಡೆಗೆ ಪುಟಿಯುತ್ತದೆ ಎಂಬುದನ್ನು ಪಟ್ಟುಹಿಡಿದು ಗಮನಿಸಿದ ಶ್ರಮವಿದೆ. ಮುಚ್ಚಳ ಆ ವಿದ್ಯೆಯನ್ನು ಕಲಿಸಲಾರದು. ಆದ್ದರಿಂದ ದೇಹವನ್ನು ಅಡ್ಡ ಇಡುವುದು ರೂಢಿಯಾದೊಡನೆ ಅದನ್ನು ತೆಗೆದಿಟ್ಟು, ನಿಜವಾದ ಶಾಟ್‌ಗಳ ಮೇಲೆ ಅಭ್ಯಾಸ ಮುಂದುವರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಭ್ಯಾಸದ ಅವಧಿಯುದ್ದಕ್ಕೂ ಅದನ್ನು ರಿಂಗ್ ಮೇಲೆಯೇ ಬಿಡುವುದು ಆಟಗಾರರಿಗೆ ಮಾಡುವ ಅನ್ಯಾಯ.

ಬಳಕೆಯ ವಿಷಯದಲ್ಲಿ ಎರಡು ಮಾತು. ರಿಂಗ್ 3.05 ಮೀಟರ್ ಎತ್ತರದಲ್ಲಿರುವುದರಿಂದ, ಕೆಳಗಿನಿಂದಲೇ ಎತ್ತಿ ಕೂರಿಸುವ ಕೋಲು ಜೊತೆಗೆ ಬರುವ ಮಾದರಿಯನ್ನೇ ಆರಿಸಿಕೊಳ್ಳಬೇಕು. ಸಡಿಲವಾಗಿ ಕೂತ ಮುಚ್ಚಳ ಜೋರಾದ ಹೊಡೆತಕ್ಕೆ ಒಂದು ಕಡೆ ವಾಲುತ್ತದೆ, ವಾಲಿದ ಮೇಲೆ ಚೆಂಡು ಒಂದೇ ಬದಿಗೆ ಬೀಳತೊಡಗುತ್ತದೆ, ಆಟಗಾರರು ಅದನ್ನು ಗಮನಿಸಿ ಶಾಟ್‌ಗೆ ಮೊದಲೇ ಆ ಬದಿಗೆ ಸರಿದು ನಿಲ್ಲುತ್ತಾರೆ.

ಫೋಮ್ ಪ್ಯಾಡ್ ನೋಡಲು ಸರಳವಾದ ವಸ್ತು. ಅದರ ಪ್ರಯೋಜನ ಮಾತ್ರ ಮುಚ್ಚಳಕ್ಕಿಂತ ದೊಡ್ಡದು. ರಿಂಗ್ ಪಕ್ಕದಿಂದ ಹೊಡೆಯುವ ಸುಲಭದ ಶಾಟ್‌ಗಳು ಪಂದ್ಯದಲ್ಲಿ ತಪ್ಪುವುದಕ್ಕೆ ಕಾರಣ ಮೈಗೆ ತಾಗುವ ಒತ್ತಡ, ಮತ್ತು ಯಾರೂ ಅಡ್ಡವಿಲ್ಲದ ಲೇಅಪ್ ಅಭ್ಯಾಸ ಆ ಒತ್ತಡಕ್ಕೆ ಯಾರನ್ನೂ ಸಿದ್ಧಗೊಳಿಸುವುದಿಲ್ಲ. ಹಿಂದಿನ ಎನ್‌ಬಿಎ ಸೆಂಟರ್ ಜಾರ್ಜ್ ಮೈಕನ್ ಹೆಸರಿನ ಹಳೆಯ ಡ್ರಿಲ್‌ನಲ್ಲಿ ಆಟಗಾರ ರಿಂಗಿನ ಕೆಳಗೆ ನಿಂತು ಬಲಗೈಯಿಂದ ಬಲಬದಿಗೆ, ಎಡಗೈಯಿಂದ ಎಡಬದಿಗೆ, ಚೆಂಡನ್ನು ಗಲ್ಲಕ್ಕಿಂತ ಕೆಳಗಿಳಿಸದೆ ಒಂದರ ಹಿಂದೊಂದರಂತೆ ಹೊಡೆಯುತ್ತಾನೆ. ಅದೇ ಡ್ರಿಲ್ ನಡೆಯುವಾಗ ಸೊಂಟಕ್ಕೂ ಪಕ್ಕೆಗೂ ಪ್ಯಾಡಿನಿಂದ ಒತ್ತಿದರೆ, ಚೆಂಡನ್ನು ಕೆಳಗಿಳಿಸುವ ದುರಭ್ಯಾಸವೂ ಒಂದೇ ಕಾಲಿನ ಮೇಲೆ ತೂಗಾಡುವ ದೌರ್ಬಲ್ಯವೂ ತಕ್ಷಣ ಬಯಲಾಗುತ್ತವೆ. ಎರಡೂ ಪಾದ ಊರಿ, ಭುಜವನ್ನು ಎದುರಾಳಿಯ ಕಡೆಗೆ ಕೊಟ್ಟು ಮೇಲೇಳುವುದನ್ನು ಆಟಗಾರರು ಆ ಒತ್ತಡದ ನಡುವೆಯೇ ಕಲಿಯುತ್ತಾರೆ. ಆಕ್ರಮಣದ ರಿಬೌಂಡ್, ಅಂದರೆ ತನ್ನದೇ ತಪ್ಪಿದ ಶಾಟ್‌ನ ಚೆಂಡು, ಹಿಡಿದ ತಂಡಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಫಿಬಾದ ನಿಯಮದಂತೆ ಶಾಟ್ ಕ್ಲಾಕ್ (ಶಾಟ್ ಹೊಡೆಯಲು ಸಿಗುವ ಸಮಯದ ಗಡಿಯಾರ) 14 ಸೆಕೆಂಡಿಗಷ್ಟೇ ಮರುಹೊಂದುವುದರಿಂದ, ಹಿಡಿದ ಜಾಗದಲ್ಲೇ, ಮೈಮೇಲೆ ಒಬ್ಬರು ಬಿದ್ದಿರುವಾಗಲೇ ಮತ್ತೆ ಮೇಲೇಳುವ ಈ ಕಸುವಿಗೆ ಬಹಳ ಬೆಲೆಯಿದೆ.

ಪ್ಯಾಡ್ ಹಿಡಿದವರ ಸಂಯಮವೇ ಇಲ್ಲಿ ಮುಖ್ಯ. ಮಣಿಕಟ್ಟಿಗೆ, ಮುಖದ ಸಮೀಪಕ್ಕೆ ಬಡಿಯತೊಡಗಿದರೆ ಆಟಗಾರ ಒತ್ತಡವನ್ನು ಎದುರಿಸುವ ಬದಲು ಹಿಂದಕ್ಕೆ ವಾಲಿ ಶಾಟ್ ಎಸೆಯುವುದನ್ನು ಕಲಿಯುತ್ತಾನೆ, ಮತ್ತು ಹಾಗೆ ಕಲಿತದ್ದನ್ನು ಬಿಡಿಸುವುದು ಬಹಳ ಕಷ್ಟ. ಕೊಳ್ಳುವಾಗ ಹಿಂಬದಿಯ ಪಟ್ಟಿಯ ಹೊಲಿಗೆಯನ್ನು ಎಳೆದು ನೋಡಿ. ಮೊದಲು ಬಿಟ್ಟುಹೋಗುವುದು ಅದೇ. ಮುಂಗೈಯನ್ನು ಪೂರ್ತಿ ತೂರಿಸಿ ಹಿಡಿಯುವ ಅಗಲ ಪ್ಯಾಡ್ ಬೆವರಿಗೆ ಜಾರುವುದಿಲ್ಲ, ಬರೀ ಹಿಡಿಕೆ ಇರುವುದು ಜಾರುತ್ತದೆ.

ಒಂದನ್ನಷ್ಟೇ ಕೊಳ್ಳಲು ಸಾಧ್ಯವಿರುವ ತಂಡಕ್ಕೆ ನಾನು ಹಿಂಜರಿಯದೆ ಪ್ಯಾಡ್ ಸೂಚಿಸುತ್ತೇನೆ, ಏಕೆಂದರೆ ಬಾಕ್ಸ್‌ಔಟ್ ಅಭ್ಯಾಸದಲ್ಲೂ ಎದುರಾಳಿಯ ತಳ್ಳಾಟಕ್ಕೆ ಬದಲಾಗಿ ಅದನ್ನೇ ಬಳಸಬಹುದು. 5ನೇ ಅಳತೆಯ ಚೆಂಡಿನಲ್ಲಿ, 2.60 ಮೀಟರಿನ ರಿಂಗಿಗೆ ಆಡುವ ಮಿನಿ ಬ್ಯಾಸ್ಕೆಟ್‌ಬಾಲ್ ಮಕ್ಕಳಿಗೆ ಮಾತ್ರ ಮುಚ್ಚಳದ ಅಗತ್ಯವೇ ಇಲ್ಲ. ಆ ವಯಸ್ಸಿನಲ್ಲಿ ತಪ್ಪುವ ಶಾಟ್‌ಗಳೇ ರಿಬೌಂಡ್ ಅಭ್ಯಾಸಕ್ಕೆ ಸಾಕಾಗುತ್ತವೆ, ಮತ್ತು ಚೆಂಡು ಬಲೆಯೊಳಗೆ ಬೀಳುವ ಸಂತೋಷವನ್ನು ಅವರಿಂದ ಕಿತ್ತುಕೊಳ್ಳಬಾರದು.