ಮೈಸೂರು ಆಕಾಶವಾಣಿ 100.6: ಮೈಕಿನಿಂದ ನಿರ್ದೇಶಕರ ಕೊಠಡಿಯವರೆಗೆ

ಬಾನುಲಿ ನಿಲಯವೊಂದರ ಸೇವೆಯನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಹಾಡುಗಳ ಆಯ್ಕೆ, ಧ್ವನಿಯ ಸ್ಪಷ್ಟತೆ ಮತ್ತು ಜಾಹೀರಾತಿನ ಹಾವಳಿಯನ್ನಷ್ಟೇ ನೋಡುತ್ತಾರೆ. ಮೈಸೂರು ಆಕಾಶವಾಣಿಯ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇಂಥ ನಿಲಯಗಳನ್ನು ನಡೆಸಿದವರು ಯಾರು, ಅವರು ಎಂದಾದರೂ ಮೈಕಿನ ಮುಂದೆ ಕುಳಿತಿದ್ದರೇ? ಇಲ್ಲಿ ಇಂದಿಗೂ ಕೇಳಿಬರುವ ಸಂಯಮಕ್ಕೆ ಕಾರಣ ಆ ಪ್ರಶ್ನೆಯ ಉತ್ತರದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಈ ನಿಲಯದ ಮೂಲಪುರುಷ ಎಂ.ವಿ. ಗೋಪಾಲಸ್ವಾಮಿಯವರು ವೃತ್ತಿಯಿಂದ ಬಾನುಲಿಯವರಲ್ಲ. ಲಂಡನ್ನಿನಲ್ಲಿ ಮನಶ್ಶಾಸ್ತ್ರ ಕಲಿತು ಬಂದು ಮೈಸೂರಿನಲ್ಲಿ ಆ ವಿಷಯದ ಪ್ರಾಧ್ಯಾಪಕರಾಗಿದ್ದವರು. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ಮನೆಯಾದ ‘ವಿಠಲ ವಿಹಾರ’ದಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇರಿಸಿಕೊಂಡು ಪ್ರಸಾರ ಆರಂಭಿಸಿ, ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಿಟ್ಟಾಗ, ಆಲ್ ಇಂಡಿಯಾ ರೇಡಿಯೊ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಅದು ಬಳಕೆಗೆ ಬಂದದ್ದು ಮರುವರ್ಷದ ಜೂನ್ ತಿಂಗಳಿನಲ್ಲಿ. ಸ್ವಂತ ಹಣ ಹಾಕಿ ಕೆಲವು ವರ್ಷ ನಡೆಸಿದ ಮೇಲೆ, 1940ರ ದಶಕದ ಆರಂಭದಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. ಖಾಸಗಿ ಹವ್ಯಾಸವಾಗಿದ್ದದ್ದು ಸರ್ಕಾರಿ ನಿಲಯವಾಯಿತು. ಹಾಸ್ಯ ಬರಹಗಾರರಾದ ನಾ. ಕಸ್ತೂರಿಯವರೂ ಅದರಲ್ಲಿ ದುಡಿದರು. ಆರಂಭದಲ್ಲಿಯೇ ಒಬ್ಬ ಪ್ರಾಧ್ಯಾಪಕ, ಒಬ್ಬ ಲೇಖಕ ಇದ್ದ ನಿಲಯವಿದು. ಕಡತಗಳ ಸಂಸ್ಕೃತಿ ಆಮೇಲೆ ಬಂದದ್ದು.

ಮುಂದಿನ ಇತಿಹಾಸವನ್ನು ಬೇಗ ಹೇಳಿಬಿಡಬಹುದು. 1950ರಲ್ಲಿ ಸಂಸ್ಥಾನದ ನಿಲಯ ಕೇಂದ್ರದ ಕೈಸೇರಿತು, 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು, ಮೈಸೂರಿಗೆ ಮತ್ತೆ ನಿಲಯ ಬಂದದ್ದು 1974ರಲ್ಲಿ. ಈಗಿನ ಕಟ್ಟಡ ಗೋಪಾಲಸ್ವಾಮಿಯವರ ಆ ಮನೆಯಿಂದ ಇನ್ನೂರು ಗಜದಷ್ಟು ದೂರದಲ್ಲಿದೆ.

ಆಕಾಶವಾಣಿಯ ಏಣಿ ಹೇಗಿದೆ ಎಂಬುದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಉದ್ಘೋಷಕರದು ಒಂದು ವರ್ಗ, ಕಾರ್ಯಕ್ರಮಗಳನ್ನು ಯೋಜಿಸಿ ರೂಪಿಸುವ ಕಾರ್ಯಕ್ರಮ ನಿರ್ವಾಹಕರದು ಇನ್ನೊಂದು; ನಿರ್ವಾಹಕರಾದವರು ಸಹಾಯಕ ನಿರ್ದೇಶಕರಾಗಿ, ಕೊನೆಗೆ ನಿಲಯ ನಿರ್ದೇಶಕರಾಗಬಹುದು. ಒಂದು ವರ್ಗದಿಂದ ಇನ್ನೊಂದಕ್ಕೆ ದಾಟಿದವರೂ ಇದ್ದಾರೆ. ಬೆಂಗಳೂರು ನಿಲಯದ ನಿರ್ದೇಶಕಿಯಾಗಿ 1994ರಲ್ಲಿ ನಿವೃತ್ತರಾದ ಜ್ಯೋತ್ಸ್ನಾ ಕಾಮತ್ ಅವರು 1960ರ ದಶಕದಲ್ಲಿ ಆಕಾಶವಾಣಿ ಸೇರಿ, ರಾಜ್ಯದ ಒಳಗೂ ಹೊರಗೂ ಕೆಲಸ ಮಾಡಿ ಮೇಲೆ ಬಂದವರು. ಮಧ್ಯಯುಗದ ಕರ್ನಾಟಕದ ಸಾಮಾಜಿಕ ಜೀವನದ ಬಗ್ಗೆ ಸಂಶೋಧನೆ ಮಾಡಿದ ಒಬ್ಬ ಲೇಖಕಿ ನಿಲಯದ ಮುಖ್ಯಸ್ಥೆಯಾಗಿದ್ದರೆ, ಭಾಷಣ ವಿಭಾಗಕ್ಕೆ ಯಾರನ್ನು ಕರೆಯಬೇಕು ಎಂಬ ಚರ್ಚೆಯ ಮಟ್ಟವೇ ಬೇರೆಯಾಗಿರುತ್ತದೆ. ಕ್ಯೂ ಶೀಟ್, ಅಂದರೆ ಯಾವ ಹೊತ್ತಿಗೆ ಏನು ಪ್ರಸಾರವಾಗಬೇಕೆಂದು ಬರೆದ ಹಾಳೆ, ಹಿಡಿದು ಸ್ಟುಡಿಯೊದಲ್ಲಿ ಕುಳಿತವರಿಗೆ ದೆಹಲಿಯ ವಾರ್ತೆ ಆರಂಭವಾಗುವ ಕ್ಷಣಕ್ಕೆ ಸರಿಯಾಗಿ ಇಲ್ಲಿಯ ಹಾಡು ಮುಗಿಯಬೇಕೆಂಬ ಆತಂಕ ಗೊತ್ತಿರುತ್ತದೆ. ಆ ಆತಂಕ ಅನುಭವಿಸಿದ ನಿರ್ದೇಶಕರು ಉದ್ಘೋಷಕರ ಮೇಲೆ ಕೂಗಾಡುವ ಮೊದಲು ಎರಡು ಬಾರಿ ಯೋಚಿಸುತ್ತಾರೆಂದು ನಂಬುತ್ತೇನೆ.

ಸೇವೆಯ ಗುಣಕ್ಕೆ ಬರೋಣ. ಬೆಳಗಿನ ಭಕ್ತಿಗೀತೆ, ‘ಚಿಂತನ’, ಬೆಂಗಳೂರಿನಿಂದ ಬರುವ 7 ಗಂಟೆ 5 ನಿಮಿಷದ ಪ್ರದೇಶ ಸಮಾಚಾರ, ರೈತರಿಗಾಗಿ ಕೃಷಿ ಕಾರ್ಯಕ್ರಮ, ಸುಗಮ ಸಂಗೀತ, ಶಾಸ್ತ್ರೀಯ ಸಂಗೀತ, ನಾಟಕ: ಈ ಚೌಕಟ್ಟು ಕರ್ನಾಟಕದ ಬಾನುಲಿ ಕೇಳುಗರಿಗೆ ಹಳೆಯದೇ. ನಾನು ಮೆಚ್ಚುವುದು ಅದನ್ನು ನಿಭಾಯಿಸುವ ರೀತಿಯನ್ನು. ಇಲ್ಲಿ ಉದ್ಘೋಷಣೆ ಹಾಡಿನ ಮೇಲೆ ಏರಿಬರುವುದಿಲ್ಲ. ಕವಿಯ, ಗಾಯಕರ, ಸಂಗೀತ ಸಂಯೋಜಕರ ಹೆಸರನ್ನು ಹೇಳಿ ಸುಮ್ಮನಾಗುವ ಪದ್ಧತಿ ಉಳಿದಿದೆ. ಭಾವಗೀತೆಯನ್ನು ಯಾರು ಬರೆದರು ಎಂದು ಹೇಳದೆಯೇ ಹಾಡನ್ನು ಮುಗಿಸಿಬಿಡುವ ಖಾಸಗಿ ವಾಹಿನಿಗಳ ಅಭ್ಯಾಸದ ನಡುವೆ ಇದು ಸಣ್ಣ ಸಂಗತಿಯಲ್ಲ. ಸ್ಥಳೀಯ ಕಲಾವಿದರನ್ನು ಧ್ವನಿ ಪರೀಕ್ಷೆಗೆ ಒಳಪಡಿಸಿ ಬಿ, ಬಿ-ಹೈ, ಎ ಎಂದು ಶ್ರೇಣಿ ನೀಡುವ ಆಕಾಶವಾಣಿಯ ವ್ಯವಸ್ಥೆಯ ಬಗ್ಗೆ ಎಷ್ಟೇ ತಕರಾರು ಇದ್ದರೂ, ಹೆಸರೇ ಕೇಳಿರದ ಊರಿನ ಗಾಯಕಿಯೊಬ್ಬರು ಇಡೀ ಪ್ರದೇಶಕ್ಕೆ ಪರಿಚಯವಾಗುವುದು ಅದರಿಂದಲೇ.

ಚಿಂತೆಯ ವಿಷಯವೂ ಇದೆ, ಅದು ಈ ಒಂದು ನಿಲಯಕ್ಕಷ್ಟೇ ಸೇರಿದ್ದಲ್ಲ. ಕಾರ್ಯಕ್ರಮ ವಿಭಾಗಕ್ಕೆ ಖಾಯಂ ನೇಮಕಾತಿ ದೇಶಾದ್ಯಂತ ದಶಕಗಳಿಂದ ಕುಂಟುತ್ತಿರುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿದೆ. ತಿಂಗಳಿಗೆ ಕೆಲವೇ ದಿನ ಕರೆಸಿಕೊಳ್ಳುವ ಹಂಗಾಮಿ ಉದ್ಘೋಷಕರ ಮೇಲೆಯೇ ಅನೇಕ ನಿಲಯಗಳು ನಿಂತಿವೆ. ಇವರಲ್ಲಿ ಸೊಗಸಾದ ಕಂಠದವರು, ಓದಿಕೊಂಡವರು ಸಾಕಷ್ಟು ಮಂದಿ ಇದ್ದಾರೆ. ಆದರೆ ಹಂಗಾಮಿಯಾಗಿರುವವರೆಗೆ ಮೇಲಿನ ಏಣಿಯ ಒಂದು ಮೆಟ್ಟಿಲೂ ಅವರಿಗೆ ಸಿಗುವುದಿಲ್ಲ. ಹಾಗಾದರೆ ಇಪ್ಪತ್ತು ವರ್ಷಗಳ ನಂತರ ನಿರ್ದೇಶಕರ ಕೊಠಡಿಯಲ್ಲಿ ಕುಳಿತುಕೊಳ್ಳುವವರು ಎಲ್ಲಿಂದ ಬರಬೇಕು? 2023ರಲ್ಲಿ ಇಂಗ್ಲಿಷಿನ ಹೆಸರನ್ನು ಕೈಬಿಟ್ಟು ಎಲ್ಲೆಡೆಯೂ ‘ಆಕಾಶವಾಣಿ’ ಎಂದೇ ಹೇಳಬೇಕೆಂದು ಆದೇಶ ಬಂದಾಗ ಮೈಸೂರಿನವರು ಹೆಮ್ಮೆಪಟ್ಟದ್ದು ಸಹಜವೇ. ಹೆಸರಿನ ಜೊತೆಗೆ ಗೋಪಾಲಸ್ವಾಮಿಯವರ ಪರಂಪರೆಯ ಇನ್ನೊಂದು ಭಾಗವನ್ನೂ, ಅಂದರೆ ಮಾತನಾಡಬಲ್ಲವರ ಕೈಗೆ ಆಡಳಿತ ಕೊಡುವುದನ್ನೂ, ದೆಹಲಿ ತೆಗೆದುಕೊಂಡಿದ್ದರೆ ಇನ್ನೂ ಒಳ್ಳೆಯದಿತ್ತು.

ಅಬ್ಬರದ ಮಾತು, ಕ್ಷಣಕ್ಕೊಂದು ಹೊಸ ಚಿತ್ರಗೀತೆ ಬೇಕೆನ್ನುವವರಿಗೆ ಈ ನಿಲಯವನ್ನು ಶಿಫಾರಸು ಮಾಡಲಾರೆ. ಅವರಿಗೆ ಖಾಸಗಿ ಎಫ್‌ಎಂಗಳಿವೆ. ಅಡುಗೆಮನೆಯಲ್ಲಿ, ಹೊಲದ ಬದಿಯಲ್ಲಿ, ಪ್ರಯಾಣದಲ್ಲಿ ಕನ್ನಡವನ್ನು ನಿಧಾನವಾಗಿ, ಸರಿಯಾದ ಉಚ್ಚಾರಣೆಯಲ್ಲಿ ಕೇಳಬಯಸುವವರಿಗೆ, ಹಾಗೂ ಮಕ್ಕಳಿಗೆ ಕನ್ನಡ ಕಿವಿಗೆ ಬೀಳಲಿ ಎಂದು ಹಂಬಲಿಸುವ ದೂರದೇಶದ ಪೋಷಕರಿಗೆ, ಇದಕ್ಕಿಂತ ಒಳ್ಳೆಯ ಉಚಿತ ಸೇವೆ ಕಡಿಮೆ. ಮೈಸೂರು ಸುತ್ತಮುತ್ತ ಸಾಮಾನ್ಯ ರೇಡಿಯೊದಲ್ಲಿ 100.6 ಮೆಗಾಹರ್ಟ್ಸ್‌ಗೆ ತಿರುಗಿಸಿದರೆ ಸಾಕು. ಎಫ್‌ಎಂ ತರಂಗಗಳು ಬೆಟ್ಟಗುಡ್ಡಗಳ ಮರೆಗೆ ಸುಲಭವಾಗಿ ಇಳಿಯುವುದಿಲ್ಲವಾದ್ದರಿಂದ, ದೂರದಲ್ಲಿರುವವರಿಗೆ ಪ್ರಸಾರ ಭಾರತಿಯ ಮೊಬೈಲ್ ಆ್ಯಪ್ ಹೆಚ್ಚು ಅನುಕೂಲ.