ಪಾಳಿ ಮುಗಿದ ಮೇಲೆ 14416: 108 ಸಿಬ್ಬಂದಿಗೆ ಟೆಲಿ ಮಾನಸ್ ಎಷ್ಟು ಉಪಯೋಗ?

ಅಪಘಾತದ ಕೇಸ್ ಆಸ್ಪತ್ರೆಗೆ ಮುಟ್ಟಿಸಿ, ಸ್ಟ್ರೆಚರ್ ತೊಳೆದು, ಆಕ್ಸಿಜನ್ ನೋಡಿಕೊಳ್ಳುವಷ್ಟರಲ್ಲಿ ಮುಂದಿನ ಕರೆ ಬಂದಿರುತ್ತದೆ. ಕಂಡದ್ದನ್ನು ಹೇಳಿಕೊಳ್ಳಲು ಇಎಂಟಿಗೂ (ಗಾಡಿಯಲ್ಲೇ ತುರ್ತು ಚಿಕಿತ್ಸೆ ಕೊಡುವವರು) ಪುರುಸೊತ್ತಿಲ್ಲ, ಪೈಲಟ್‌ಗೂ ಇಲ್ಲ (108ರಲ್ಲಿ ಡ್ರೈವರ್‌ಗೆ ಪೈಲಟ್ ಅಂತಲೇ ಹೆಸರು). ಇಂಥವರಿಗೆ ಸದ್ಯ ಸುಲಭವಾಗಿ ಸಿಗುವುದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ರಾಷ್ಟ್ರಮಟ್ಟದ ಕೇಂದ್ರ. ನಂಬರು 14416 ಅಥವಾ 1800-891-4416. ದುಡ್ಡಿಲ್ಲ.

ಇದರ ದೊಡ್ಡ ಗುಣ ಹೊತ್ತು. ಪಾಳಿ ಬಿಡುವ ಹೊತ್ತಿಗೆ ಒಪಿಡಿ ತೆರೆದಿರುವುದಿಲ್ಲ, ಇಲ್ಲಿ ಬೆಳಗಿನ ಜಾವ 4ಕ್ಕೂ ಕನ್ನಡದಲ್ಲೇ ಮಾತಾಡಬಹುದು. ಮೇಲಧಿಕಾರಿಯ ಚೀಟಿಯೂ ಬೇಡ. ‘ತಲೆ ಸರಿಯಿಲ್ಲ’ ಅಂತ ಡ್ಯೂಟಿ ತಪ್ಪಿಸಿಯಾರು ಎಂದು ಅಳುಕುವವರಿಗೆ ಇದು ಸಣ್ಣ ಮಾತಲ್ಲ. ಮೊದಲು ಆಪ್ತಸಮಾಲೋಚಕರು ಸಿಗುತ್ತಾರೆ. ಅಗತ್ಯ ಬಿದ್ದರೆ ಮನೋವೈದ್ಯರು, ಇಲ್ಲವೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ.

ಎಡವಟ್ಟಾಗುವುದು ಕರೆ ಮಾಡುವ ರೀತಿಯಲ್ಲಿ. ಎರಡು ಕೇಸುಗಳ ನಡುವೆ ಮಾಡಿದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಪಾಳಿ ಮುಗಿಸಿ, ಅರ್ಧ ಗಂಟೆ ಬಿಡುವಿಟ್ಟುಕೊಂಡು ಮಾಡಿ. ಬರೀ ‘ನಿದ್ದೆ ಬರ್ತಿಲ್ಲ’ ಎಂದರೆ ‘ರಾತ್ರಿ ಬೇಗ ಮಲಗಿ’ ಎಂಬ ಸಲಹೆ ಬಂದೀತು, ರಾತ್ರಿ ಪಾಳಿಯವರು ಅದನ್ನು ಏನು ಮಾಡುವುದು? ‘ನಾನು 108 ಇಎಂಟಿ. ಹತ್ತು ದಿನದ ಹಿಂದೆ ಮಗುವಿನ ಕೇಸ್ ಆಯ್ತು. ಹಗಲು ಮೂರು ಗಂಟೆ ಮಲಗ್ತೀನಿ, ಸೈರನ್ ಕೇಳಿದ್ರೆ ಎದೆ ಹೊಡ್ಕೊಳ್ಳುತ್ತೆ’ ಎಂದು ಶುರುಮಾಡಿ. ನಿದ್ದೆಗೆಂದು ಕುಡಿಯುತ್ತಿದ್ದರೆ, ಮಾತ್ರೆ ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಕಂಡ ದೃಶ್ಯ ಕಣ್ಣಮುಂದೆ ಮರುಕಳಿಸುವುದು ತಿಂಗಳು ದಾಟಿದರೆ ಫೋನಷ್ಟೇ ಸಾಲದು, ಮನೋವೈದ್ಯರನ್ನು ಮುಖಾಮುಖಿ ಕಾಣಬೇಕು. ಯಾರ ಬಾಯಲ್ಲಾದರೂ ಜೀವ ತೆಗೆದುಕೊಳ್ಳುವ ಮಾತು ಬಂದರೆ ಅವರೊಬ್ಬರನ್ನೇ ಬಿಡದೆ 112 ಒತ್ತಿ.

ಕೊರತೆ ಇದೆ. ಸೇನೆಯವರಿಗೆ 2023ರ ಡಿಸೆಂಬರ್‌ನಿಂದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ (ಎಎಫ್‌ಎಂಸಿ) ಬೇರೆಯೇ ಟೆಲಿ ಮಾನಸ್ ಕೇಂದ್ರವಿದೆ. ಆಂಬ್ಯುಲೆನ್ಸ್, ಅಗ್ನಿಶಾಮಕದವರ ಕೆಲಸ ಬಲ್ಲ ಅಂಥದ್ದೇ ಒಂದು ಕೇಂದ್ರ ಬೇಕು.

ಆಂಬ್ಯುಲೆನ್ಸ್ ಸ್ಟೇಷನ್ನಿನವರು ಮಾಡಬೇಕಾದ್ದನ್ನು ಸಹಾಯವಾಣಿ ಮಾಡಲಾರದು. ಘಟನೆಯಾದ ದಿನವೇ ಎಲ್ಲರನ್ನೂ ಕೂರಿಸಿ ಬಲವಂತವಾಗಿ ವಿವರ ಹೇಳಿಸುವುದರಿಂದ ಲಾಭವಿಲ್ಲ, ಕೆಲವರಿಗೆ ತೊಂದರೆಯೇ ಆದೀತು. ಚಹಾ ಕೊಡಿ, ಮನೆಗೊಂದು ಫೋನ್ ಮಾಡಲು ಬಿಡಿ, ಸಾಧ್ಯವಾದರೆ ಮುಂದಿನ ಕರೆಗೆ ಬೇರೆ ಗಾಡಿ ಕಳಿಸಿ. ನಂಬರನ್ನು ನೋಟಿಸ್ ಬೋರ್ಡಿಗೆ ಹಾಕಿದರೆ ಎಲ್ಲರೆದುರು ಯಾರೂ ಬರೆದುಕೊಳ್ಳುವುದಿಲ್ಲ. ಬಚ್ಚಲುಮನೆ ಬಾಗಿಲ ಒಳಬದಿಗೆ ಅಂಟಿಸಿ.